ತಂತಿಯಲ್ಲಿ ಕಳಿಸಿದ ಹೆಸರು

ನಮ್ಮಣ್ಣನ ಮೊಮ್ಮಗಳು ಕಾಲೇಜಿಗೆ ರಜೆ ಬಂತೆಂದರೆ ಜೆ.ಪಿ. ನಗರದ ನನ್ನ ಮನೆಗೆ ಬಂದು ಬೀಡುಬಿಡುತ್ತಾಳೆ. ಬಂದವಳಿಗೆ ಸೋಫಾದ ಮೇಲೆ ಕಾಲು ಮಡಚಿ ಕೂತು ಉಗುರಿಗೆ ಬಣ್ಣ ಹಚ್ಚುವುದೇ ದೊಡ್ಡ ಕೆಲಸ. ಹೋದ ಭಾನುವಾರ ನಾನು ಪಕ್ಕದಲ್ಲಿ ಕೂತು ಅವರೇಕಾಯಿ ಸುಲಿಯುತ್ತಿದ್ದೆ. ಅವಳು ಗುಲಾಬಿ ಬಣ್ಣದ ಪುಟ್ಟ ಸೀಸೆಯ ಮುಚ್ಚಳ ತಿರುವಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು.

"ಏನಾಯ್ತಜ್ಜಿ, ತಲೆ ಸುತ್ತುತ್ತಾ? ಕಿಟಕಿ ತೆಗೀಲಾ?"

"ಏನಿಲ್ಲ ಕಣೆ, ನೀನು ಹಚ್ಕೊ" ಎಂದೆ. ಮೂಗನ್ನೇನೋ ಸೆರಗಿನಿಂದ ಮುಚ್ಚಿಕೊಳ್ಳಬಹುದು, ಆದರೆ ಅಷ್ಟರಲ್ಲಿ ನಾನು ನಲವತ್ತು ವರ್ಷ ಹಿಂದಕ್ಕೆ ಹೋಗಿಯಾಗಿತ್ತು.

ಈಗಿನವರಿಗೆ ಸ್ಟೆನ್ಸಿಲ್ ಎಂದರೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಅದು ಮೇಣ ಸವರಿದ ತೆಳು ಹಾಳೆ. ಟೈಪ್‌ರೈಟರಿನ ರಿಬ್ಬನ್ನನ್ನು ಪಕ್ಕಕ್ಕೆ ಸರಿಸಿ, ಬರೀ ಅಚ್ಚಿನಿಂದ ಅದರ ಮೇಲೆ ಕುಟ್ಟಬೇಕು. ಅಕ್ಷರ ಬಿದ್ದ ಕಡೆ ಮೇಣ ಕಿತ್ತು ತೂತಾಗುತ್ತದೆ. ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕಿ ತಿರುಗಿಸಿದರೆ ಆ ತೂತಿನಿಂದ ಮಸಿ ಇಳಿದು ನೂರಾರು ಪ್ರತಿ ಬರುತ್ತವೆ. ಬೆರಳಿನ ಒತ್ತು ಜಾಸ್ತಿಯಾದರೆ 'ಠ' ಅಕ್ಷರದ ಹೊಟ್ಟೆಯೇ ಉದುರಿಹೋಗುತ್ತದೆ. ತಪ್ಪು ಬಿದ್ದರೆ ಅದನ್ನು ಮುಚ್ಚಲು ಗುಲಾಬಿ ಬಣ್ಣದ ಒಂದು ದ್ರವ. ಕೂದಲೆಳೆಯಂಥ ಬ್ರಷ್ಷಿನಿಂದ ಸವರಿ, ಉಫ್ ಎಂದು ಊದಿ, ಒಣಗಿದ ಮೇಲೆ ಸರಿಯಾದ ಅಕ್ಷರ ಕುಟ್ಟಬೇಕು. ಅದರ ವಾಸನೆಯೂ ಉಗುರುಬಣ್ಣದ ವಾಸನೆಯೂ ಒಂದೇ. ಒಂದು ಸೀಸೆ ನನಗೆ ಆರು ತಿಂಗಳು ಬರುತ್ತದೆ, ಅಷ್ಟು ಕಡಿಮೆ ತಪ್ಪು ಮಾಡುತ್ತೇನೆ ಎಂಬ ಜಂಬ ನನಗಿತ್ತು. ಜಂಬ ಪಡುವುದಕ್ಕೆ ಬೇರೇನೂ ಇರಲಿಲ್ಲ ಎನ್ನಿ.

ಜಯನಗರದ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಟೈಪಿಂಗ್ ಕಲಿತು, ಬನ್ನೇರುಘಟ್ಟ ರಸ್ತೆಯ ಒಂದು ಪಂಪ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಕಾರ್ಖಾನೆಯ ಹಿಂಭಾಗದಲ್ಲಿ ಲೇತ್ ಮೇಲೆ ದುಡಿಯುತ್ತಿದ್ದ ಹುಡುಗರು ಸಂಘ ಕಟ್ಟಲು ಹೊರಟಿದ್ದರು. ಅವರ ಒಂದು ಕರಪತ್ರವನ್ನು ಊಟದ ಬಿಡುವಿನಲ್ಲಿ ಗುಟ್ಟಾಗಿ ಟೈಪ್ ಮಾಡಿಕೊಟ್ಟೆ. ಒಂದು ಎರಡಾಯಿತು, ಎರಡು ಹತ್ತಾಯಿತು, ಒಂದು ದಿನ ನೋಡಿದರೆ ನಾನು ಕ್ರಾಂತಿಕಾರಿಯಾಗಿದ್ದೆ. ನಗಬೇಡಿ. ಕ್ರಾಂತಿಗೂ ಒಬ್ಬಳು ಟೈಪಿಸ್ಟ್ ಬೇಕಲ್ಲ! ತುರ್ತು ಪರಿಸ್ಥಿತಿ ಮುಗಿದು ಎರಡು ಮೂರು ವರ್ಷವಾಗಿದ್ದ ಕಾಲ ಅದು. ಇನ್ನೇನು ಲೋಕ ಮಗ್ಗುಲು ಬದಲಾಯಿಸುತ್ತದೆ ಎಂದು ನಮ್ಮಂಥವರಿಗೆ ಅನ್ನಿಸುತ್ತಿತ್ತು.

ನಮ್ಮದು ಏಳೆಂಟು ಜನರ ಗುಂಪು. ಯಡಿಯೂರು ಕೆರೆಯ ಹತ್ತಿರ ಹಿಟ್ಟಿನ ಗಿರಣಿಯ ಮೇಲಿದ್ದ ಒಂದು ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದೆವು. ಗಿರಣಿಯ ಸದ್ದಿಗೆ ನಮ್ಮ ಮಾತು ಹೊರಗೆ ಕೇಳುವುದಿಲ್ಲ ಎಂಬುದು ಲೆಕ್ಕಾಚಾರ. ಒಳಗೂ ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಎಲ್ಲರಿಗೂ ಗುಂಪಿನೊಳಗೆ ಒಂದು ಬೇರೆ ಹೆಸರು; ಒಬ್ಬರ ನಿಜ ಹೆಸರು ಇನ್ನೊಬ್ಬರಿಗೆ ಗೊತ್ತಿರಕೂಡದು, ಗೊತ್ತಾದರೂ ಗೊತ್ತಿಲ್ಲದ ಹಾಗೆ ಇರಬೇಕು. ನಾನು ವಿಮಲಾ. ನಮ್ಮ ಮುಂದಾಳು ಮೂರ್ತಿ, ಒಂದು ಕಾಲೇಜಿನ ಲೆಕ್ಚರರ್, ಸಣ್ಣ ಗಡ್ಡ, ದಪ್ಪ ಕನ್ನಡಕ. ಲೇತ್ ಹುಡುಗರ ಪೈಕಿ ಒಬ್ಬನು ಸುಧಾಕರ. ಕಪ್ಪಗೆ, ತೆಳ್ಳಗೆ, ಕೈತುಂಬ ಕಬ್ಬಿಣದ ಚೂರು ಕೊರೆದ ಗೀರುಗಳು. ಆಫೀಸಿನಲ್ಲಿ ಕೂತ ನನಗೆ ಆ ಹುಡುಗರೆಲ್ಲ ಬರೀ ಟೋಕನ್ ನಂಬರು, ನಿಜ ಹೆಸರು ತಿಳಿಯುತ್ತಿರಲಿಲ್ಲ. ಆ ಹೆಸರು ಯಾಕಿಟ್ಟುಕೊಂಡೆ ಎಂದು ಕೇಳಿದ್ದಕ್ಕೆ "ಸಖತ್ತಾಗಿದೆ ಅಲ್ವಾ? ನಮ್ಮ ಕಡೆ ಯಾರೂ ಇಂಥ ಹೆಸರು ಇಡಲ್ಲ" ಎಂದಿದ್ದ.

ಅದೇ ಹೊತ್ತಿನಲ್ಲಿ ಜಯನಗರದಲ್ಲಿ ಇನ್ನೊಂದು ಗುಂಪು ಇತ್ತು. ನಾಗರಿಕ ಹಕ್ಕುಗಳ ಸಮಿತಿ ಎಂದು ಅದಕ್ಕೆ ದೊಡ್ಡ ಹೆಸರು. ಇದ್ದದ್ದು ಚನ್ನಬಸಪ್ಪ ಎಂಬ ನಿವೃತ್ತ ಹೆಡ್‌ಮೇಷ್ಟರ ಮನೆಯ ವರಾಂಡ. ಮೇಷ್ಟರ ಹಣೆಗೆ ವಿಭೂತಿ, ತೊಳೆದು ತೊಳೆದು ಸವೆದ ಬಿಳಿ ಅಂಗಿ. ಅವರ ಜೊತೆಗೆ ಒಬ್ಬರು ವಕೀಲರು, ಒಬ್ಬರು ಡಾಕ್ಟರು, ಅಷ್ಟೇ. ಯಾರನ್ನಾದರೂ ಪೊಲೀಸರು ಎತ್ತಿಕೊಂಡು ಹೋದರು, ಕೋರ್ಟಿಗೆ ಹಾಜರು ಮಾಡಲಿಲ್ಲ ಎಂದು ಸುದ್ದಿ ಬಂದರೆ, ಮೇಷ್ಟರು ಆ ದಿನವೇ ಮ್ಯಾಜಿಸ್ಟ್ರೇಟರಿಗೂ ಪೊಲೀಸ್ ದೊಡ್ಡ ಅಧಿಕಾರಿಗೂ ತಂತಿ ಕಳಿಸುತ್ತಿದ್ದರು. ಇಂಥವನನ್ನು ಇಂಥ ದಿನ ಇಷ್ಟು ಹೊತ್ತಿಗೆ ಹಿಡಿದಿದ್ದೀರಿ ಎಂದು ಸರ್ಕಾರದ ಕಾಗದದ ಮೇಲೇ ಬಿದ್ದುಬಿಟ್ಟರೆ, ಆಮೇಲೆ ಅವನನ್ನು ಹಿಡಿದೇ ಇಲ್ಲ ಎಂದು ಹೇಳುವುದು ಕಷ್ಟ. ಅವರ ಕೆಲಸವೆಲ್ಲ ಇದ್ದದ್ದು ಆ ಒಂದು ತಂತಿಯಲ್ಲಿ.

ನಮ್ಮ ಕೋಣೆಯಲ್ಲಿ ಈ ಸಮಿತಿಯನ್ನು ಕಂಡರೆ ಎಲ್ಲರಿಗೂ ತಾತ್ಸಾರ. ಬೈಗುಳದಂತೆ ಬಳಸುತ್ತಿದ್ದ ಶಬ್ದ 'ಲಿಬರಲ್'. ಮೂರ್ತಿ ಒಮ್ಮೆ ಕೈ ಆಡಿಸುತ್ತ ವಿವರಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

"ಕುಕ್ಕರ್ ನೋಡಿದೀರಲ್ಲ? ಮೇಲಿನ ವೆಯ್ಟು ಆಗಾಗ ಸುಯ್ ಅಂತ ಹಬೆ ಬಿಡತ್ತೆ. ಅದಿಲ್ದಿದ್ರೆ ಕುಕ್ಕರ್ ಸಿಡಿಯತ್ತೆ. ಈ ಸಮಿತಿಯವರು ಆ ವೆಯ್ಟು. ಜನರ ಸಿಟ್ಟು ಸಿಡಿಯೋಕೆ ಬಿಡಲ್ಲ. ಅರ್ಜಿ ಬರೆಸ್ತಾರೆ, ಹಬೆ ಬಿಡ್ತಾರೆ. ಕುಕ್ಕರ್ ಮಾಲೀಕನಿಗೆ ಇವರಿಗಿಂತ ಒಳ್ಳೆ ಸ್ನೇಹಿತರು ಯಾರಿದಾರೆ?"

ಭೇಷ್ ಎನ್ನಿಸಿತು ನನಗೆ. ಮನೆಯಲ್ಲಿ ಅಮ್ಮ ಕುಕ್ಕರ್ ಸಿಡಿಯದಿರಲಪ್ಪ ಎಂದು ದೇವರಿಗೆ ಕೈಮುಗಿದೇ ಸ್ಟೋವ್ ಹಚ್ಚುತ್ತಿದ್ದಳು ಎಂಬುದು ಆಗ ನೆನಪಿಗೆ ಬರಲಿಲ್ಲ.

ನಮ್ಮವರ ವಾದದಲ್ಲಿ ಹುರುಳಿರಲಿಲ್ಲ ಎಂದು ಇವತ್ತಿಗೂ ನಾನು ಹೇಳಲಾರೆ. ಕಾನೂನು ಮಾಡಿದವರು ಉಳ್ಳವರು, ಕೋರ್ಟಿನಲ್ಲಿ ಕೂತವರು ಉಳ್ಳವರು, ಅವರ ಹತ್ತಿರ ಹೋಗಿ ನ್ಯಾಯ ಕೊಡಿ ಎನ್ನುವುದು ಕಳ್ಳನ ಹತ್ತಿರವೇ ಬೀಗ ಕೇಳಿದ ಹಾಗೆ ಎನ್ನುತ್ತಿದ್ದರು. ಮೇಷ್ಟರ ತಂತಿಯಿಂದ ಯಾವ ಕಾರ್ಖಾನೆ ಮಾಲೀಕನೂ ಒಂದು ಹೊತ್ತಿನ ಊಟ ಬಿಟ್ಟದ್ದನ್ನು ನಾನು ಕಾಣೆ. ಅದಲ್ಲದೆ ಎಲ್ಲೋ ಒಂದು ಕಡೆ ನಮ್ಮಂಥವರೇ ಒಬ್ಬ ಪೇದೆಯನ್ನು ಕೊಂದಾಗ, ಅದೂ ತಪ್ಪು ಎಂದು ಮೇಷ್ಟರು ಹೇಳಿಕೆ ಕೊಟ್ಟರು. ಅವತ್ತಂತೂ ಕೋಣೆಯಲ್ಲಿ ಬೆಂಕಿ. "ಹೊಡೆದವನನ್ನೂ ಹೊಡೆಸ್ಕೊಂಡವನನ್ನೂ ಒಂದೇ ತಕ್ಕಡೀಲಿ ತೂಗ್ತಾನೆ ಮುದುಕ" ಎಂದು ಸುಧಾಕರ ಹಲ್ಲು ಕಡಿದ.

ಆ ತಿಂಗಳೇ ನನಗೊಂದು ಕೆಲಸ ಒಪ್ಪಿಸಿದರು. ಮೇಷ್ಟರಿಗೆ ಟೈಪ್ ಮಾಡುವವರು ಬೇಕಾಗಿದ್ದಾರಂತೆ, ನೀನು ಹೋಗಿ ಸೇರಿಕೊ, ಒಳಗೆ ಏನು ನಡೆಯುತ್ತದೆ ಎಂದು ನಮಗೆ ತಿಳಿಸು. ಅಂದರೆ ಗೂಢಚಾರಿಣಿ! ಮಂಗಳವಾರ, ಗುರುವಾರ ಆಫೀಸು ಮುಗಿಸಿ ವರಾಂಡಕ್ಕೆ ಹೋಗುತ್ತಿದ್ದೆ. ಮೇಷ್ಟರ ಹೆಂಡತಿ ತಟ್ಟೆ ತುಂಬ ಉಪ್ಪಿಟ್ಟು ಕೊಡುತ್ತಿದ್ದರು. ಅದನ್ನು ತಿಂದು, ಭಾನುವಾರ ಯಡಿಯೂರಿನಲ್ಲಿ ಅವರನ್ನೇ ಅಣಕಿಸುತ್ತಿದ್ದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತು ನನಗೆ ತಿಳಿಯದ್ದೇನಲ್ಲ. ಆದರೆ ನನ್ನ ಮಾತಿಗೆ ಏಳು ಜನ ನಗುತ್ತಾರೆ ಎಂಬುದು ಮೊದಲ ಸಲ ಗೊತ್ತಾದ ಹುಡುಗಿ ನಾನು. ಅದರ ರುಚಿ ಉಪ್ಪಿಟ್ಟಿಗಿಂತ ಹೆಚ್ಚು.

ಅಣಕಿಸಲು ಬೇಕಾದಷ್ಟಿತ್ತು. ಮೇಷ್ಟರು ಎಲ್ಲರಿಗೂ ಬಹುವಚನ. ಪೊಲೀಸ್ ಪೇದೆಗೂ "ತಾವು" ಎನ್ನುತ್ತಿದ್ದರು. ಒಂದು ಉದ್ದನೆಯ ಪುಸ್ತಕದಲ್ಲಿ ಗೆರೆ ಎಳೆದು ಹೆಸರು, ತಂದೆಯ ಹೆಸರು, ವಯಸ್ಸು, ಊರು, ಕಡೆಯದಾಗಿ ಕಂಡವರು ಯಾರು ಎಂದು ಬರೆದುಕೊಳ್ಳುತ್ತಿದ್ದರು. ಪ್ರತಿ ಪ್ರಶ್ನೆಯನ್ನೂ ಮೂರು ಸಲ ಕೇಳುವುದು ಅವರ ಪದ್ಧತಿ. ನನಗೆ ಅದು ತಲೆಚಿಟ್ಟು. ಒಮ್ಮೆ ಕೇಳಿಯೇಬಿಟ್ಟೆ.

"ಯಾಕ್ ಸಾರ್ ಮೂರ್ಮೂರು ಸಲ? ಕಿವಿ ಕೇಳಿಸಲ್ವೇನೋ ಅನ್ಕೋತಾರೆ."

"ಮೊದಲನೇ ಸಲ ಹೆದರಿಕೇಲಿ ಹೇಳ್ತಾರಮ್ಮ. ಎರಡನೇ ಸಲ ನೆನಪು ಮಾಡ್ಕೊಂಡು ಹೇಳ್ತಾರೆ. ಮೂರನೇ ಸಲ ಯೋಚನೆ ಮಾಡಿ ಹೇಳ್ತಾರೆ."

"ನಾಲ್ಕನೇ ಸಲ?"

"ನಾಲ್ಕನೇ ಸಲ ಕೇಳೋದು ಪೊಲೀಸ್ನೋರ ಕೆಲಸ. ನಮ್ಮದಲ್ಲ."

ಇದನ್ನು ಅವರ ಧ್ವನಿಯಲ್ಲೇ ಹೇಳಿ ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಸುಧಾಕರ. ಕೆಳಗಿನ ಗಿರಣಿಯವನು ಏನೆಂದು ಮೇಲೆ ಬಂದು ನೋಡಿ ಹೋದ.

ಮೇಷ್ಟರಿಗೆ ನಾನು ಯಾರ ಕಡೆಯವಳು ಎಂದು ಗೊತ್ತಿತ್ತೋ ಏನೋ. ಒಂದು ಸಂಜೆ ತಲೆ ಎತ್ತದೆಯೇ ಕೇಳಿದರು: "ನಿಮ್ಮ ಸ್ನೇಹಿತರು ನನ್ನ ಏನಂತಾರಮ್ಮ?" ನಾನು ಕುಟ್ಟುವುದನ್ನು ನಿಲ್ಲಿಸಿದೆ. "ಹೇಳಿ, ಬೇಜಾರಿಲ್ಲ" ಎಂದರು. ಕುಕ್ಕರಿನ ವೆಯ್ಟು ಎನ್ನುತ್ತಾರೆ ಎಂದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಅವರ ಸರ್ಕಾರ ಬಂದ್ರೂ ನನಗೆ ಕೆಲಸ ತಪ್ಪಲ್ಲ ಅಂತ ಹೇಳಿ. ಆಗ ಅವರಿಗೇ ತಂತಿ ಕಳಿಸ್ತೀನಿ." ಭಾನುವಾರ ಇದನ್ನು ಒಪ್ಪಿಸಿದೆ. ಮೂರ್ತಿ ನಗಲಿಲ್ಲ. "ನೋಡಿದ್ರಾ? ಈಗಿಂದ್ಲೇ ನಮ್ಮ ವಿರುದ್ಧ ತಯಾರಾಗಿದಾನೆ" ಎಂದ. ನಾವೆಲ್ಲ ತಲೆದೂಗಿದೆವು.

ಇಲ್ಲಿ ಒಂದು ಸಂಗತಿ ಹೇಳಬೇಕು, ಹೇಳದೆ ಮುಂದಕ್ಕೆ ಹೋಗಲಾಗದು. ನಮ್ಮ ಸೈಕ್ಲೋಸ್ಟೈಲ್ ಯಂತ್ರ ಇದ್ದದ್ದು ಸುಧಾಕರನ ಮನೆಯಲ್ಲಿ, ಬಿಳೇಕಹಳ್ಳಿಯಲ್ಲಿ, ರಾಗಿ ಮೂಟೆಗಳ ಹಿಂದೆ. ಸ್ಟೆನ್ಸಿಲ್ಲುಗಳನ್ನು ನಾನು ಹಳೇ ಕ್ಯಾಲೆಂಡರಿನಲ್ಲಿ ಸುತ್ತಿ ತಿಲಕ್ ನಗರದ ಬಸ್‌ಸ್ಟಾಪಿನಲ್ಲಿ ಅವನ ಕೈಗೆ ಕೊಡುವುದು ರೂಢಿ. ಒಂದು ಸಲ ಅವನಿಗೆ ಜ್ವರ. ನೀನೇ ಹೋಗಿ ಕೊಟ್ಟು ಬಾ ಎಂದು ಮೂರ್ತಿ ದಾರಿ ಹೇಳಿ ಕಳಿಸಿದ. ಹೊಲಗಳ ನಡುವೆ ನಡೆದುಕೊಂಡು ಹೋದೆ. ಆಗ ಅಲ್ಲಿ ಇನ್ನೂ ಹೊಲಗಳಿದ್ದವು. ಹಂಚಿನ ಪುಟ್ಟ ಮನೆ, ಒಳಗೆ ಗೋಡೆಗೆ ಬುದ್ಧನ ಪಟ, ಅದರ ಪಕ್ಕದಲ್ಲಿ ತೀರಿಕೊಂಡ ಅಪ್ಪನ ಫೋಟೋ, ಫೋಟೋದ ಕೆಳಗೆ ಮುನಿಯಪ್ಪ ಎಂದು ಬಣ್ಣದಲ್ಲಿ ಬರೆದಿತ್ತು. ಅವನ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಕ್ಕೆ ಕೂಗಿದಳು:

"ಚಿನ್ನಪ್ಪಾ, ಏಳ್ಲಾ, ಯಾರೋ ಟೈಪಿನಮ್ಮ ಬಂದವ್ಳೆ!"

ಕಂಬಳಿ ಹೊದ್ದು ಹೊರಗೆ ಬಂದವನ ಮುಖ ಸಣ್ಣಗಾಯಿತು. "ಮರೆತುಬಿಡು. ನಾನು ಸುಧಾಕರ" ಎಂದ ಮೆಲ್ಲಗೆ. "ಆಯ್ತು, ಮರೆತೆ" ಎಂದೆ. ಆದರೆ ಮೇಷ್ಟರ ಪುಸ್ತಕದ ಮುಂದೆ ವಾರಕ್ಕೆರಡು ದಿನ ಕೂತ ತಲೆ ನನ್ನದು. ಹೆಸರು ಚಿನ್ನಪ್ಪ, ತಂದೆಯ ಹೆಸರು ಮುನಿಯಪ್ಪ, ಊರು ಬಿಳೇಕಹಳ್ಳಿ ಎಂದು ತನ್ನಷ್ಟಕ್ಕೇ ಬರೆದುಕೊಂಡಾಗಿತ್ತು. ಅವ್ವ ಕೊಟ್ಟ ಬೆಲ್ಲದ ಕಾಫಿ ಕುಡಿದು ಬಂದೆ.

ಎಂಬತ್ತರ ದಶಕದ ಮೊದಲಲ್ಲಿ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಐದನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಗೇಟಿನ ಎದುರಿನ ಟೀ ಅಂಗಡಿಯ ಹತ್ತಿರ ಜೀಪು ನಿಂತಿತು. ಮೂವರು ಇಳಿದರು, ಸುಧಾಕರನ ಕಾಲರ್ ಹಿಡಿದರು, ಹೋದರು. ಮಧ್ಯಾಹ್ನ ಎರಡಕ್ಕೆ ನಾವೆಲ್ಲ ಯಡಿಯೂರಿನ ಕೋಣೆಯಲ್ಲಿದ್ದೆವು.

ಈಗ ನೀವು ನನ್ನನ್ನು ಕೇಳಬಹುದು, ಆ ಮಧ್ಯಾಹ್ನ ನೀವು ಏನು ಮಾಡಿದಿರಿ ಎಂದು. ಚರ್ಚೆ ಮಾಡಿದೆವು. ಲಿಬರಲ್‌ಗಳ ಸಹಾಯ ಕೇಳಿದರೆ ಅದು ತಾತ್ಕಾಲಿಕ ತಂತ್ರವೋ ಇಲ್ಲ ತಾತ್ವಿಕ ಶರಣಾಗತಿಯೋ ಎಂದು ಚರ್ಚೆ ಮಾಡಿದೆವು. ಕ್ರಾಂತಿಕಾರಿಯಾದವನು ಶತ್ರುವಿನ ಕಾನೂನಿನಿಂದ ಬಿಡುಗಡೆ ಬೇಡಬಹುದೇ ಎಂದು ಚರ್ಚೆ ಮಾಡಿದೆವು. ಎರಡು ಗಂಟೆ! ಅಲ್ಲಿ ಅವನಿಗೆ ಏನಾಗುತ್ತಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಇರಬೇಕು ಯಾರೂ ಆ ಮಾತು ಎತ್ತಲಿಲ್ಲ. ಕೊನೆಗೆ ನಾಲ್ಕು ಗಂಟೆಗೆ ನಿರ್ಣಯವಾಯಿತು: ಸಮಿತಿಯನ್ನು ಬಳಸಿಕೊಳ್ಳಬಹುದು, ನಂಬಬಾರದು. ಆದ್ದರಿಂದ ಸುಧಾಕರ ಎಂಬ ಹೆಸರಿನ ಹೊರತು ಬೇರೇನೂ ಹೇಳಕೂಡದು.

"ಆ ಹೆಸರಲ್ಲಿ ತಂತಿ ಕಳಿಸಿದ್ರೆ ಪ್ರಯೋಜನ ಇಲ್ಲ" ಎಂದೆ ನಾನು. "ನಿಜವಾದ ಹೆಸರು, ತಂದೆ ಹೆಸರು ಬೇಕು."

"ನಿಜವಾದ ಹೆಸರು ಕೊಟ್ರೆ ಪೊಲೀಸ್ನೋರು ಮನೆ ಹುಡುಕ್ತಾರೆ. ಮನೇಲಿ ಮೆಷಿನ್ ಇದೆ. ಮೆಷಿನ್ ಸಿಕ್ಕಿದ್ರೆ ಎಲ್ರೂ ಒಳಗೆ" ಎಂದ ಮೂರ್ತಿ. ಕನ್ನಡಕದ ಮೇಲಿಂದ ನನ್ನನ್ನೇ ನೋಡಿದ. "ಯಾಕೆ, ನಿಂಗೆ ಗೊತ್ತಾ ಅವನ ಹೆಸರು?"

"ಗೊತ್ತಿಲ್ಲ" ಎಂದೆ. ಗೊತ್ತಿರುವುದೇ ನಮ್ಮಲ್ಲಿ ಅಪರಾಧವಾಗಿತ್ತು. ಅವನ ಅವ್ವನಿಗೂ ತಿಳಿಸಬೇಡಿ, ಆಕೆ ಗಲಾಟೆ ಮಾಡಿ ಊರೆಲ್ಲ ಸೇರಿಸುತ್ತಾಳೆ ಎಂದೂ ತೀರ್ಮಾನವಾಯಿತು. ಅದಕ್ಕೂ ನಾನು ಕೈ ಎತ್ತಿದೆ.

ವರಾಂಡಕ್ಕೆ ಓಡಿದೆ. ಮೇಷ್ಟರು ಆಗಲೇ ಪುಸ್ತಕ ತೆರೆದರು. "ಹೆಸರೇನಮ್ಮ?"

"ಸುಧಾಕರ."

"ತಂದೆ ಹೆಸರು?"

"ಗೊತ್ತಿಲ್ಲ ಸಾರ್."

ಅವರು ಪೆನ್ನು ಕೆಳಗಿಟ್ಟರು. "ಸ್ವಲ್ಪ ನೆನಪು ಮಾಡ್ಕೊಳ್ಳಿ. ಮನೇಲಿ ಏನಂತ ಕರೀತಾರೆ?" ಗೊತ್ತಿಲ್ಲ ಎಂದು ತಲೆಯಾಡಿಸಿದೆ. ಅವರ ಹೆಂಡತಿ ನೀರು ತಂದಿಟ್ಟು ಹೋದರು. ಮೇಷ್ಟರು ನನ್ನ ಮುಖವನ್ನು ನೋಡದೆ, ಗೇಟಿನ ಕಡೆ ನೋಡುತ್ತ ಕೇಳಿದರು: "ತಂತಿ ಒಂದು ಸಲ ಹೋದ್ರೆ ವಾಪಸ್ ಬರಲ್ಲ. ಯೋಚನೆ ಮಾಡಿ ಹೇಳಿ. ಇದೇನಾ ಅವರ ಹೆಸರು?"

"ಇದೇ ಸಾರ್."

ಅವರು ನಾಲ್ಕನೇ ಸಲ ಕೇಳಲಿಲ್ಲ. ತಂತಿಯ ಒಕ್ಕಣೆಯನ್ನು ನಾನು ಟೈಪ್ ಮಾಡಿದೆ. ಸುಧಾಕರ, ವಯಸ್ಸು ಸುಮಾರು ಇಪ್ಪತ್ತೈದು, ತಂದೆಯ ಹೆಸರು ತಿಳಿಯದು. ಒಂದೂ ತಪ್ಪು ಬೀಳಲಿಲ್ಲ. ಸ್ಟೆನ್ಸಿಲ್ ಆಗಿದ್ದರೂ ಗುಲಾಬಿ ಸೀಸೆಯ ಮುಚ್ಚಳ ತೆಗೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಹನ್ನೊಂದು ದಿನ ಮೇಷ್ಟರು ಕೊಡೆ ಹಿಡಿದುಕೊಂಡು ಠಾಣೆಯಿಂದ ಠಾಣೆಗೆ ಅಲೆದರು. ಎಲ್ಲ ಕಡೆಯೂ ಕುರ್ಚಿ ಕೊಟ್ಟು ಕೂರಿಸಿದರಂತೆ, ಒಂದು ಕಡೆ ಕಾಫಿಯನ್ನೂ ಕೊಟ್ಟರಂತೆ. "ಆ ಹೆಸರಿನೋರು ಯಾರೂ ನಮ್ಮಲ್ಲಿಲ್ಲ ಮೇಷ್ಟ್ರೇ. ಬೇಕಾದ್ರೆ ನೀವೇ ನೋಡ್ಕೊಳ್ಳಿ" ಎಂದು ರಿಜಿಸ್ಟರನ್ನೇ ಮುಂದಿಟ್ಟರಂತೆ. ವಕೀಲರು ಕೋರ್ಟಿಗೆ ಅರ್ಜಿ ಹಾಕಿದರು. ತಂದೆಯ ಹೆಸರಿಲ್ಲ, ಊರಿಲ್ಲ, ಇಂಥ ಮನುಷ್ಯ ಇದ್ದಾನೆ ಎಂಬುದಕ್ಕೇ ಆಧಾರವಿಲ್ಲ ಎಂದು ಅರ್ಜಿ ಬಿದ್ದುಹೋಯಿತು. ಹನ್ನೆರಡನೇ ದಿನ ಪೊಲೀಸರು ಚಿನ್ನಪ್ಪ ಬಿನ್ ಮುನಿಯಪ್ಪ ಎಂಬವನನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದು ನಿಲ್ಲಿಸಿದರು. ನಿನ್ನೆ ಸಂಜೆ ಹಿಡಿದೆವು ಎಂದು ಕಾಗದದಲ್ಲಿತ್ತು. ಅದನ್ನು ಸುಳ್ಳೆನ್ನಲು ನಮ್ಮ ಹತ್ತಿರ ಏನಿತ್ತು? ಬೇರೆ ಯಾರದೋ ಹೆಸರಿನ ಒಂದು ತಂತಿ.

ಇವನೇ ಅವನೆಂದು ಕೋರ್ಟಿನಲ್ಲಿ ತಿಳಿದ ಮೇಲೆ ಜಾಮೀನು ಕೊಡಿಸಿದವರು ಮೇಷ್ಟರೇ. ಅವನು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ.

ಆ ಭಾನುವಾರ ಮೂರ್ತಿ ಒಂದು ವರದಿ ಬರೆದು ತಂದಿದ್ದ. 'ಈ ಪ್ರಕರಣದಿಂದ ಲಿಬರಲ್ ಸಂಸ್ಥೆಗಳ ನಿಷ್ಪ್ರಯೋಜಕತೆ ಮತ್ತೊಮ್ಮೆ ಸಾಬೀತಾಗಿದೆ' ಎಂದು ಅದರ ಮೊದಲ ಸಾಲು. ಅಯ್ಯೋ, ಎದ್ದು ಕೂಗಬಾರದಿತ್ತೇ, ಆ ಹಾಳೆ ಹರಿದು ಅವನ ಮುಖಕ್ಕೆ ಎಸೆಯಬಾರದಿತ್ತೇ! ಏನೂ ಮಾಡಲಿಲ್ಲ. ಅದನ್ನೂ ಸ್ಟೆನ್ಸಿಲ್ ಕುಟ್ಟಿ, ಕ್ಯಾಲೆಂಡರಿನಲ್ಲಿ ಸುತ್ತಿ ಮೂರ್ತಿಯ ಕೈಗೇ ಕೊಟ್ಟೆ. ಅದಾದ ಮೇಲೆ ಯಡಿಯೂರಿಗೆ ಹೋಗಲಿಲ್ಲ. ಮೂರ್ತಿಯನ್ನು ಕೆಟ್ಟವನೆಂದು ಹೇಳಿ ಮುಗಿಸಿಬಿಡಬಹುದು. ಆದರೆ ಆಮೇಲೆ ಅವನೂ ಆರು ವರ್ಷ ಜೈಲಿನಲ್ಲಿದ್ದ, ಯಾರ ಹೆಸರನ್ನೂ ಬಾಯಿಬಿಡಲಿಲ್ಲ. ತಾನು ನಂಬಿದ್ದಕ್ಕೆ ತಾನೂ ಬೆಲೆ ತೆತ್ತವನೇ.

ಚಿನ್ನಪ್ಪನನ್ನು ನೋಡಲು ಬಿಳೇಕಹಳ್ಳಿಗೆ ಹೋದೆ. ಚಾಪೆಯ ಮೇಲೆ ಮಲಗಿದ್ದ. ಮುಖ ಊದಿತ್ತು, ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂದು ಅವ್ವ ಬಾಗಿಲಲ್ಲೇ ಹೇಳಿದ್ದಳು. ಗೊತ್ತಿದ್ದೂ ಹೆಸರು ಹೇಳಲಿಲ್ಲ ಎಂದು ಅವನ ಮುಂದೆ ಹೇಳಿಕೊಂಡು ಅತ್ತೆ.

"ಹೇಳ್ಲಿಲ್ವಾ? ಶಭಾಷ್!" ಎಂದ ಅವನು. ತಮಾಷೆಗಲ್ಲ, ನಿಜವಾಗಿ. "ನೀನು ಹೇಳಿರ್ತೀಯ ಅಂತ ನಂಗೆ ಭಯ ಇತ್ತು. ಗಟ್ಟಿ ಹೆಂಗಸು ನೀನು."

"ಅವರಿಗೆ ನಿನ್ನ ಹೆಸರು ಹೇಗೆ ಗೊತ್ತಾಯ್ತು?"

"ಜೇಬಲ್ಲಿ ಕಾರ್ಖಾನೆ ಗೇಟ್‌ಪಾಸ್ ಇತ್ತಲ್ಲ, ಫೋಟೋ ಸಮೇತ. ಜೀಪಲ್ಲೇ ಓದಿದ್ರು." ನಗಲು ಹೋಗಿ ಪಕ್ಕೆ ಹಿಡಿದುಕೊಂಡ. "ಬುದ್ಧಿವಂತರು ಕಣೆ ನಾವೆಲ್ಲ!"

ಅಂದರೆ ಪೊಲೀಸರಿಗೆ ಮೊದಲ ಐದು ನಿಮಿಷದಲ್ಲೇ ಹೆಸರು ಗೊತ್ತಿತ್ತು. ಮನೆ ಹುಡುಕಬೇಕೆಂದಿದ್ದರೆ ಅವತ್ತೇ ಹುಡುಕುತ್ತಿದ್ದರು. ನಾವು ಏಳು ಜನ ಸೇರಿ, ಎರಡು ಗಂಟೆ ಚರ್ಚಿಸಿ ಆ ಹೆಸರನ್ನು ಗುಟ್ಟಾಗಿಟ್ಟದ್ದು ಒಬ್ಬ ಮುದುಕ ಮೇಷ್ಟರಿಂದ ಮಾತ್ರ. ಇಷ್ಟು ಸಾಲದೆಂಬಂತೆ ಅವನು ಇನ್ನೊಂದು ಹೇಳಿದ. ಮೂರನೇ ದಿನವೋ ನಾಲ್ಕನೇ ದಿನವೋ, ತನ್ನನ್ನು ಹಾಕಿದ್ದ ಕೋಣೆಗೆ ಮೇಷ್ಟರ ಧ್ವನಿ ಕೇಳಿಸಿತಂತೆ, ನಾನು ಅಣಕಿಸಿ ತೋರಿಸಿದ್ದ ಅದೇ ಧ್ವನಿ. "ತಾವು ದಯವಿಟ್ಟು ಇನ್ನೊಂದು ಸಲ ನೋಡಿ, ಸುಧಾಕರ ಅಂತ" ಎನ್ನುತ್ತಿದ್ದರಂತೆ.

"ಕೂಗ್ಬಾರ್ದಿತ್ತೇನೋ!" ಎಂದೆ.

"ಲಿಬರಲ್ ಕೈಲಿ ಬಿಡಿಸ್ಕೊಂಡ ಅಂತ ನೀವೆಲ್ಲ ಆಡ್ಕೋತಿದ್ರಿ" ಎಂದ. ಅದು ತಮಾಷೆಯೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಹೊರಡುವಾಗ ಅವ್ವ ಜಗಲಿಯ ಮೇಲೆ ಕೂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮಲ್ಲಿ ಒಬ್ರ್ಗಾದ್ರೂ ನಂಗೊಂದ್ಮಾತು ಹೇಳೋಕಾಗ್ಲಿಲ್ವಾ ತಾಯಿ?" ಎಂದಳು. "ನಾನೋಗಿ ಟೇಸನ್ ಮುಂದೆ ಕೂತ್ಕೊಂಡು ನನ್ ಮಗನ್ ಹೆಸ್ರಿಡ್ದು ಬಾಯ್ ಬಡ್ಕೋತಿದ್ದೆ. ಬುಟ್ಟುಬುಡೋರು." ಎರಡು ವರ್ಷ ತುಂಬುವುದರೊಳಗೆ ಚಿನ್ನಪ್ಪ ಸತ್ತ. ಆಸ್ಪತ್ರೆಯ ಕಾಗದದಲ್ಲಿ ಮೂತ್ರಪಿಂಡದ ಕಾಯಿಲೆ ಎಂದಿತ್ತು.

ಮಣ್ಣು ಮಾಡಿ ಬಂದ ಮೂರನೇ ದಿನ ಮೇಷ್ಟರ ವರಾಂಡಕ್ಕೆ ಹೋದೆ. ಎಲ್ಲವನ್ನೂ ಹೇಳಿದೆ, ಗೂಢಚಾರಿಕೆ, ಅಣಕ, ಗೊತ್ತಿದ್ದೂ ಮುಚ್ಚಿಟ್ಟ ಹೆಸರು. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ನಿಮಗೆ ಗೊತ್ತಿತ್ತು ಅಂತ ನನಗೆ ಗೊತ್ತಾಗಿತ್ತಮ್ಮ."

"ಮತ್ಯಾಕೆ ಸಾರ್ ಬಿಟ್ರಿ? ಇನ್ನೊಂದು ಸಲ ಕೇಳಿದ್ರೆ ಹೇಳಿಬಿಡ್ತಿದ್ದೆ. ಬಾಯಿ ತುದೀಲಿತ್ತು!"

"ಮೂರು ಸಲ ಕೇಳಿದ್ನಲ್ಲಮ್ಮ."

ಎಲ್ಲಿತ್ತೋ ಆ ಸಿಟ್ಟು. "ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ! ಅಲ್ಲೊಬ್ಬ ಸಾಯ್ತಿದ್ದ, ನೀವಿಲ್ಲಿ ಎಣಿಸ್ತಾ ಕೂತಿದ್ರಿ. ಕಪಾಳಕ್ಕೆ ಹೊಡೆದು ಕೇಳಬಾರದಿತ್ತಾ?" ಎಂದು ಕಿರುಚಿದೆ. ಒಳಗಿನಿಂದ ಅವರ ಹೆಂಡತಿ ಓಡಿ ಬಂದರು. ಮೇಷ್ಟರು ಎದ್ದು ನಿಂತು ಕೈಮುಗಿದರು. ಇಪ್ಪತ್ತೆಂಟು ವರ್ಷದ ಹುಡುಗಿಗೆ ಎಪ್ಪತ್ತರ ಮುದುಕ. "ಅದನ್ನ ನಾನೂ ದಿನಾ ಕೇಳ್ಕೋತಾ ಇದೀನಿ" ಎಂದರು. ಆಮೇಲೆ ಅವರು ಬದುಕಿದ್ದಷ್ಟು ಕಾಲವೂ ನಾನು ಅವರಿಗೆ ಟೈಪ್ ಮಾಡಿಕೊಟ್ಟೆ. ಅವರ ಪದ್ಧತಿಯನ್ನು ಒಪ್ಪಿದೆ ಎಂದಲ್ಲ. ಬೇರೆಲ್ಲಿ ಹೋಗುವುದೆಂದು ತಿಳಿಯಲಿಲ್ಲ. ಬಂದವರನ್ನು ಅವರು ಮೂರೇ ಸಲ ಕೇಳುತ್ತಿದ್ದರು, ಆದರೆ ಮೂರನೆಯದು ಕೇಳಿದ ಮೇಲೆ ಬಹಳ ಹೊತ್ತು ಸುಮ್ಮನೆ ಕೂರುತ್ತಿದ್ದರು.

ಸಮಿತಿಯ ಹಳೆಯ ಕಾಗದಗಳೆಲ್ಲ ಈಗ ಬನಶಂಕರಿಯ ಒಂದು ಕೋಣೆಯಲ್ಲಿವೆ. ಗುರುತಿಸಿ ಹೇಳುವವರು ಯಾರೂ ಉಳಿದಿಲ್ಲ, ನೀವೊಂದು ಸಲ ಬನ್ನಿ ಎಂದು ಮೇಷ್ಟರ ಸೊಸೆ ಎರಡು ವರ್ಷದಿಂದ ಫೋನು ಮಾಡುತ್ತಲೇ ಇದ್ದಾಳೆ. ಮಂಡಿನೋವು, ಬಿಸಿಲು, ಮಳೆ ಎಂದು ನಾನು ಜಾರಿಕೊಳ್ಳುತ್ತಲೇ ಇದ್ದೆ. ಭಾನುವಾರದ ಆ ವಾಸನೆ ಆದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಮಂಗಳವಾರ ಆಟೋ ಹತ್ತಿ ಹೋದೆ.

ಅಲ್ಲಿ ಒಬ್ಬ ಹುಡುಗಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಹಳೇ ತಂತಿಗಳ ನಕಲುಗಳನ್ನಷ್ಟೇ ನೋಡಿಕೊಂಡು ಕಾಣೆಯಾದವರ ಪಟ್ಟಿ ಮಾಡುತ್ತಿದ್ದೇನೆ ಎಂದಳು. ಹಿಡಿದುಕೊಂಡು ಹೋದರು, ಆಮೇಲೆ ಪತ್ತೆಯಿಲ್ಲ, ಅಂಥವರು. ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಒಂಬತ್ತನೇ ಸಾಲಿನಲ್ಲಿ ಇತ್ತು: ಸುಧಾಕರ, ವಯಸ್ಸು ಸುಮಾರು ಇಪ್ಪತ್ತೈದು, ತಂದೆಯ ಹೆಸರು ತಿಳಿಯದು, ಪತ್ತೆಯಾಗಿಲ್ಲ. ಹುಟ್ಟೇ ಇರದವನನ್ನು ನಲವತ್ತು ವರ್ಷ ಕಳೆದ ಮೇಲೆ ಇವರು ಹುಡುಕುತ್ತಿದ್ದಾರೆ. ಸತ್ತವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

"ಇವರು ನಿಮಗೆ ಗೊತ್ತಾ ಆಂಟಿ?" ಒಂದೇ ಸಲ ಕೇಳಿದಳು.

"ಗೊತ್ತಮ್ಮ. ಬರ್ಕೊ. ಚಿನ್ನಪ್ಪ, ತಂದೆ ಮುನಿಯಪ್ಪ, ಬಿಳೇಕಹಳ್ಳಿ. ಸತ್ತುಹೋದ. ಹನ್ನೊಂದು ದಿನ ಹೊಡೆದಿದ್ರು, ಅದ್ರಿಂದ ಸತ್ತ."

ಅವಳ ಬೆರಳುಗಳು ಓಡಿದವು. "ಸುಧಾಕರ ಅನ್ನೋದನ್ನ ತೆಗೆದುಬಿಡ್ಲಾ?"

"ಬೇಡ, ಇರ್ಲಿ. ಆ ಹೆಸರು ಅವನಿಗೆ ಇಷ್ಟ ಇತ್ತು. ಪಕ್ಕದಲ್ಲಿ ಇನ್ನೊಂದು ಬರಿ. ಇವನ ನಿಜವಾದ ಹೆಸರು ಗೊತ್ತಿದ್ದೂ ಹೇಳದೇ ಇದ್ದವಳು ಒಬ್ಬಳಿದ್ದಳು ಅಂತ."

ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ಅದಕ್ಕೆ ಕಾಲಂ ಇಲ್ಲ ಆಂಟಿ."

"ಕೊನೇಲಿ ಷರಾ ಅಂತ ಒಂದಿದೆಯಲ್ಲ, ಅಲ್ಲಿ ಬರಿ."

"ಯಾರು ಅಂತ ಬರೀಲಿ?"

ನಾನು ನನ್ನ ಹೆಸರು ಹೇಳಿದೆ. ತಂದೆಯ ಹೆಸರು, ಮನೆಯ ವಿಳಾಸ ಹೇಳಿದೆ. ಅವಳು ಬರೆದುಕೊಂಡು, ಸರಿಯಾಗಿದೆಯೇ ನೋಡಿ ಎಂದು ಓದಿ ಹೇಳಿದಳು. ಸರಿಯಾಗಿದೆ ಎಂದೆ.